ಚಿತ್ರವನ್ನೂ ಒರೆಗೆ ಹಚ್ಚಿರಿ: ಕನ್ನಡ ಬಲ್ಲ ವಿಜ್ಞಾನಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಕೃಷಿ ವಿಶ್ವವಿದ್ಯಾನಿಲಯದಲ್ಲಿ, ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ, ಧಾರವಾಡ ಮಂಗಳೂರು ಕಲಬುರಗಿಗಳ ಅಧ್ಯಯನ ವಿಭಾಗಗಳಲ್ಲಿ, ಸಮುದ್ರದಾಚೆಯ ಪ್ರಯೋಗಾಲಯಗಳಲ್ಲಿ ಹಗಲೆಲ್ಲ ಇಂಗ್ಲಿಷಿನಲ್ಲಿ ವ್ಯವಹರಿಸಿ, ಮನೆಗೆ ಬಂದಮೇಲೆ ಕನ್ನಡವನ್ನಾಡುವ ನಿಮ್ಮೆಲ್ಲರನ್ನೂ ಒಟ್ಟಾಗಿ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ವಿಜ್ಞಾನಿಯಲ್ಲ. ವಿಜ್ಞಾನದ ಒಂದೊಂದು ವಿಷಯವನ್ನು ಓದಿ, ತಿಳಿದಷ್ಟನ್ನು ಚಿತ್ರವಾಗಿ ಬರೆದು, ಅದರ ಪಕ್ಕದಲ್ಲಿ ನಾಲ್ಕು ಸಾಲು ಕನ್ನಡವನ್ನು ಸೇರಿಸಿ, ಅಂತರ್ಜಾಲದ ಮೂಲಕ ಓದುಗರಿಗೆ ಉಚಿತವಾಗಿ ಮುಟ್ಟಿಸುವ ಕೆಲಸವನ್ನು ಒಬ್ಬಂಟಿಯಾಗಿ ಮಾಡಿಕೊಂಡು ಬಂದಿರುವವರಲ್ಲಿ ನಾನೂ ಒಬ್ಬ. ನಮ್ಮಂಥವರ ಪರವಾಗಿ ನಿಮ್ಮಲ್ಲಿ ಮುಖ್ಯವಾಗಿ ಕೇಳಿಕೊಳ್ಳಬೇಕಾದುದು ಒಂದು: ನಾವು ಬರೆದ ಚಿತ್ರಗಳು ಜನರ ಕೈಗೆ ಹೋಗುವ ಮೊದಲು ಅವನ್ನು ನೋಡಿರಿ, ತಪ್ಪು ಕಂಡಲ್ಲಿ ತಿದ್ದಿರಿ.

ಚಿತ್ರವೆಂಬುದು ವಿಜ್ಞಾನದ ಕೆಲಸವೆಲ್ಲ ಮುಗಿದಮೇಲೆ ಅದಕ್ಕೆ ತೊಡಿಸುವ ಅಲಂಕಾರವೆಂದು ತಿಳಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅವರ ಮುಂದೆ 1609ನೆಯ ಇಸವಿಯ ಒಂದು ಪ್ರಸಂಗವನ್ನು ಇಡಬಯಸುತ್ತೇನೆ. ಆ ವರ್ಷದ ಜುಲೈ ತಿಂಗಳಿನಲ್ಲಿ ಇಂಗ್ಲೆಂಡಿನ ತಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞನು ದೂರದರ್ಶಕದಿಂದ ಚಂದ್ರನನ್ನು ನೋಡಿ ಚಿತ್ರ ಬರೆದನು. ಆ ಚಿತ್ರದಲ್ಲಿ ಬೆಳಕಿಗೂ ಕತ್ತಲೆಗೂ ನಡುವಣ ಗಡಿರೇಖೆ ಅಂಕುಡೊಂಕಾಗಿದೆಯೇ ಹೊರತು ಬೆಟ್ಟವೂ ಇಲ್ಲ, ಕಣಿವೆಯೂ ಇಲ್ಲ. ಕೆಲವೇ ತಿಂಗಳ ಬಳಿಕ ಇಟಲಿಯಲ್ಲಿ ಗೆಲಿಲಿಯೊ ಅದೇ ಚಂದ್ರನನ್ನು ನೋಡಿದನು. ನೆರಳು ಬೆಳಕುಗಳಿಂದ ಉಬ್ಬುತಗ್ಗುಗಳನ್ನು ತೋರಿಸುವ ಚಿತ್ರಕಲೆಯಲ್ಲಿ ಪಳಗಿದ ಕಣ್ಣು ಅವನದು; ಗಡಿರೇಖೆಯಾಚೆಯ ಕತ್ತಲೆಯೊಳಗೆ ಮಿನುಗುವ ಚುಕ್ಕೆಗಳು ಬಿಸಿಲು ತಾಗಿದ ಶಿಖರಗಳೆಂದು ಆತನು ಅರಿತುಕೊಂಡು, ಅವು ಗಡಿಯಿಂದ ಎಷ್ಟು ದೂರದಲ್ಲಿವೆ ಎಂಬುದರಿಂದ ಅವುಗಳ ಎತ್ತರವನ್ನೇ ಲೆಕ್ಕ ಹಾಕಿ, 1610ರಲ್ಲಿ ಚಂದ್ರನ ಚಿತ್ರಗಳೊಡನೆ ತನ್ನ ಗ್ರಂಥವನ್ನು ಪ್ರಕಟಿಸಿದನು. ಚಂದ್ರನು ಒಬ್ಬನೇ. ಕುಂಚವನ್ನು ಬಲ್ಲ ಕಣ್ಣಿಗೆ ಕಂಡುದು ಮಾತ್ರ ಹೆಚ್ಚು. ನರಕೋಶಗಳ ಸ್ವರೂಪವನ್ನು ಕಂಡು ತೋರಿಸಿ 1906ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಸ್ಪೇನಿನ ಕಹಾಲ್ ಮಹಾಶಯನ ಚಿತ್ರಗಳನ್ನಂತೂ ಇಂದಿಗೂ ನರವಿಜ್ಞಾನದ ಗ್ರಂಥಗಳಲ್ಲಿ ಗೌರವದಿಂದ ಅಚ್ಚು ಹಾಕುತ್ತಾರೆ.

ಆದರೆ ಚಿತ್ರಕ್ಕಿರುವ ಈ ಶಕ್ತಿಯೇ ಅದರ ಅಪಾಯವೂ ಹೌದು. 1515ರಲ್ಲಿ ಗುಜರಾತಿನ ಸುಲ್ತಾನನಿಂದ ಪೋರ್ಚುಗೀಸರಿಗೆ ಕಾಣಿಕೆಯಾಗಿ ಬಂದ ಒಂದು ಖಡ್ಗಮೃಗವು ಗೋವೆಯಿಂದ ಹಡಗೇರಿ ಲಿಸ್ಬನ್ ಪಟ್ಟಣವನ್ನು ಮುಟ್ಟಿತು. ಜರ್ಮನಿಯ ಮಹಾಚಿತ್ರಕಾರ ಡ್ಯೂರರ್ ಆ ಪ್ರಾಣಿಯನ್ನು ಕಣ್ಣಾರೆ ಕಂಡವನಲ್ಲ. ಯಾರೋ ಕಳುಹಿಸಿದ ವರ್ಣನೆಯನ್ನೂ ಒಂದು ಕರಡು ಚಿತ್ರವನ್ನೂ ನಂಬಿ, ಮೈಗೆಲ್ಲ ಉಕ್ಕಿನ ಕವಚದಂಥ ಫಲಕಗಳನ್ನೂ, ಕಾಲುಗಳಿಗೆ ಹುರುಪೆಗಳನ್ನೂ, ಹೆಗಲ ಮೇಲೆ ಇಲ್ಲದ ಇನ್ನೊಂದು ಕೊಂಬನ್ನೂ ಇಟ್ಟು, ಅತ್ಯಂತ ಸುಂದರವಾಗಿ ಅದನ್ನು ಬರೆದನು. ಆ ಚಿತ್ರವು ಎಷ್ಟು ಸುಂದರವಾಗಿತ್ತೆಂದರೆ, ಮುಂದೆ ಎರಡು ಶತಮಾನಕ್ಕೂ ಮಿಕ್ಕಿದ ಕಾಲ ಯೂರೋಪಿನ ಪ್ರಾಣಿಶಾಸ್ತ್ರದ ಗ್ರಂಥಗಳು ಅದನ್ನೇ ನಕಲು ಮಾಡುತ್ತ ಹೋದುವು. ಇದು ಹಳೆಯ ಕಾಲದ ಮಾತೆಂದು ಬದಿಗಿಡುವಂತೆಯೂ ಇಲ್ಲ. 1965ರಲ್ಲಿ ರುಡಾಲ್ಫ್ ಜಾಲಿಂಗರ್ ಎಂಬ ಚಿತ್ರಕಾರನು ಆದಿಮಾನವರನ್ನು ಕುರಿತ ಒಂದು ಪುಸ್ತಕಕ್ಕಾಗಿ ಕಪಿಯಂಥ ಪೂರ್ವಜರಿಂದ ಮನುಷ್ಯನವರೆಗೆ ಎಲ್ಲರೂ ಒಬ್ಬರ ಹಿಂದೊಬ್ಬರು ನಡೆದು ಬರುವಂತೆ ಬರೆದ ಸಾಲುಚಿತ್ರವು, ಜೀವವಿಕಾಸವೆಂದರೆ ಮನುಷ್ಯನನ್ನೇ ಗುರಿಯಾಗಿಟ್ಟುಕೊಂಡ ಒಂದು ನೇರವಾದ ಮೆರವಣಿಗೆ ಎಂಬ ಭಾವನೆಯನ್ನು ಲೋಕದ ತುಂಬ ಬಿತ್ತಿತು. 1859ರಲ್ಲಿ ಡಾರ್ವಿನ್ ತನ್ನ ಮಹಾಗ್ರಂಥದಲ್ಲಿ ಇಟ್ಟುದು ಒಂದೇ ಒಂದು ಚಿತ್ರ. ಅದು ಕವಲೊಡೆದು ಹರಡುವ ವಂಶವೃಕ್ಷದ ರೇಖಾಕೃತಿ. ಆ ಕವಲುಗಳನ್ನು ಬಲ್ಲವರು ಕೆಲವರು, ಈ ಸಾಲನ್ನು ಬಲ್ಲವರು ಎಲ್ಲರೂ. ಬರಹದಲ್ಲಿಯ ತಪ್ಪನ್ನು ಓದುಗನು ಮರೆಯಬಹುದು. ಚಿತ್ರದಲ್ಲಿಯ ತಪ್ಪು ಕಣ್ಣಿನಲ್ಲಿ ನೆಲೆನಿಲ್ಲುತ್ತದೆ.

ಒಬ್ಬರೇ ಕುಳಿತು ಇಂತಹ ಕೆಲಸ ಮಾಡುವುದು ಕನ್ನಡಕ್ಕೆ ಹೊಸತಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ, ಅನಂತರ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಏಕಾಕಿಯಾಗಿ ರಚಿಸಿದರೆಂಬುದು ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಬಿ. ಜಿ. ಎಲ್. ಸ್ವಾಮಿಯವರು ಸಸ್ಯಗಳನ್ನು ಕುರಿತು ಬರೆದ ಪುಸ್ತಕಗಳಿಗೆ ತಾವೇ ರೇಖಾಚಿತ್ರಗಳನ್ನು ಬರೆದರು. ಅವರ ‘ಹಸಿರು ಹೊನ್ನು’ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಆದರೆ ಸ್ವಾಮಿಯವರಿಗೂ ನಮಗೂ ಒಂದು ದೊಡ್ಡ ಅಂತರವುಂಟು. ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು; ಸೂಕ್ಷ್ಮದರ್ಶಕದಲ್ಲಿ ನೋಡುವ ಕಣ್ಣೂ ಕಾಗದದ ಮೇಲೆ ಓಡುವ ಲೇಖನಿಯೂ ಒಬ್ಬರವೇ ಆಗಿದ್ದುದರಿಂದ, ಚಿತ್ರವನ್ನು ಪರೀಕ್ಷಿಸಲು ಅವರಿಗೆ ಎರಡನೆಯವರು ಬೇಕಾಗಲಿಲ್ಲ. ನಮ್ಮಲ್ಲಿ ಬಹುಮಂದಿಗೆ ಲೇಖನಿಯುಂಟು, ಶ್ರದ್ಧೆಯುಂಟು, ಆ ಕಣ್ಣಿಲ್ಲ. ಅದನ್ನು ನಿಮ್ಮಿಂದ ಎರವಲು ಪಡೆಯಬೇಕಾಗಿದೆ.

ಈ ಎರವಲಿನ ಅಗತ್ಯವೆಷ್ಟು ಎಂಬುದನ್ನು ಒಂದೇ ಒಂದು ಚಿತ್ರವನ್ನು ಹತ್ತಿರದಿಂದ ನೋಡಿ ತಿಳಿಯಬಹುದು. ಅತ್ತಿಯ ಹೂವನ್ನು ಕಂಡವರಿಲ್ಲ ಎಂಬುದು ನಮ್ಮ ಜನರ ಮಾತು. ಕಾಣದಿರುವುದಕ್ಕೆ ಕಾರಣ, ಹೂಗಳೆಲ್ಲ ಕಾಯಿಯೆಂದು ನಾವು ಕರೆಯುವ ಗುಂಡನೆಯ ಕೋಶದ ಒಳಗೋಡೆಗೆ ಅಂಟಿಕೊಂಡು ಅರಳುವುದು. ಆ ಕೋಶದ ತುದಿಯಲ್ಲಿ ಕಿರುಪತ್ರಗಳಿಂದ ಮುಚ್ಚಿದ ಒಂದು ಕಿಂಡಿಯುಂಟು. ಎರಡು ಮಿಲಿಮೀಟರಿನ ಆಸುಪಾಸಿನ ಹೆಣ್ಣುಕಣಜವೊಂದು, ಎದೆಯ ಪಕ್ಕದ ಚೀಲಗಳಲ್ಲಿ ಪರಾಗವನ್ನು ತುಂಬಿಕೊಂಡು, ಆ ಕಿರುಪತ್ರಗಳ ನಡುವೆ ನುಸುಳುವ ಇಕ್ಕಟ್ಟಿನಲ್ಲಿ ರೆಕ್ಕೆಗಳನ್ನೇ ಕಳೆದುಕೊಂಡು ಒಳಕ್ಕಿಳಿಯುತ್ತದೆ. ಹೂಗಳಿಗೆ ಪರಾಗವನ್ನು ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಮೊಟ್ಟೆಯಿಟ್ಟ ಹೂಗಳು ಗಂಟುಗಳಾಗಿ ಮರಿಗಳನ್ನು ಸಾಕುತ್ತವೆ, ಉಳಿದ ಹೂಗಳು ಬೀಜ ಕಟ್ಟುತ್ತವೆ. ಮೊದಲು ಹೊರಬರುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಗಂಟಿನೊಳಗಿರುವ ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡಿಕೊಡುತ್ತವೆ. ಹೆಣ್ಣುಗಳು ಹೊಸ ಪರಾಗವನ್ನು ಹೊತ್ತು ಆ ದಾರಿಯಿಂದ ಹಾರಿಹೋಗುತ್ತವೆ. ಕಾಯಿ ಕೆಂಪಾಗಿ ಹಣ್ಣಾಗುವುದು ಆಮೇಲೆ.

ಇದನ್ನು ಚಿತ್ರವಾಗಿ ಬರೆಯಲು ಕುಳಿತವನ ಮುಂದೆ ಬರುವ ಪ್ರಶ್ನೆಗಳನ್ನು ನೋಡಿರಿ. ಕಣಜವು ಒಳಹೊಗುವ ದೃಶ್ಯದಲ್ಲಿ ಅತ್ತಿಗೆ ಕೆಂಪು ಬಣ್ಣವನ್ನು ತುಂಬಿದರೆ ಚಿತ್ರಕ್ಕೆ ಕಳೆಯೇರುತ್ತದೆ. ಆದರೆ ಆ ಹೊತ್ತಿಗೆ ಅದು ಹಸಿರಾದ ಎಳೆಯ ಕಾಯಿ, ಕೆಂಪು ತುಂಬಿದರೆ ಇಡೀ ಕಥೆಯೇ ತಲೆಕೆಳಗಾಗುತ್ತದೆ. ಕಾಯಿಯ ಹೊರಗೆ ನಿಂತು ಸೂಜಿಯಂಥ ಉದ್ದನೆಯ ಅಂಗವನ್ನು ಗೋಡೆಯೊಳಕ್ಕೆ ಚುಚ್ಚುತ್ತಿರುವ ಬೇರೆ ಜಾತಿಯ ಕಣಜಗಳೂ ಅದೇ ಮರದಲ್ಲಿ ಕಾಣಸಿಗುತ್ತವೆ. ಛಾಯಾಚಿತ್ರಕ್ಕೆ ಸುಲಭವಾಗಿ ಸಿಕ್ಕುವುವು ಅವೇ ಆದುದರಿಂದ, ಅರಿಯದವನು ಅವನ್ನೇ ಪರಾಗ ಹೊತ್ತು ತರುವ ಉಪಕಾರಿಗಳೆಂದು ಬರೆದುಬಿಡಬಹುದು. ಗಂಡಿಗೆ ರೆಕ್ಕೆಯನ್ನಿಟ್ಟರೂ ತಪ್ಪು, ಕಣಜವನ್ನು ಕಾಯಿಯ ಅರ್ಧದಷ್ಟು ದೊಡ್ಡದಾಗಿ ಬರೆದು ಅಳತೆಗೆರೆಯನ್ನು ಹಾಕದಿದ್ದರೂ ತಪ್ಪು, ಕಾಯಿಗಳನ್ನು ಕಾಂಡದ ಮೇಲೆ ಗೊಂಚಲಾಗಿ ಇಡದೆ ಎಲೆಗಳ ನಡುವೆ ಒಂಟಿಯಾಗಿ ನೇತುಹಾಕಿದರೂ ತಪ್ಪು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ರೆನೀ ಬೋರ್ಜೆಸ್ ಅವರೂ ಅವರ ಶಿಷ್ಯವರ್ಗದವರೂ ಬಹುಕಾಲದಿಂದ ಇದೇ ಅತ್ತಿಯನ್ನೂ ಇದೇ ಕಣಜಗಳನ್ನೂ ಅಭ್ಯಾಸ ಮಾಡಿದ್ದಾರೆ. ಅಂತಹ ಅಭ್ಯಾಸವುಳ್ಳ ಒಬ್ಬರು ಹತ್ತು ನಿಮಿಷ ನೋಡಿದರೆ ಈ ಪ್ರಶ್ನೆಗಳೆಲ್ಲ ಬಗೆಹರಿಯುತ್ತವೆ. ಅವರಿಲ್ಲದೆ ನಾವು ವಾರಗಟ್ಟಲೆ ಓದಿದರೂ ಒಂದೆರಡು ಶಂಕೆಗಳು ಉಳಿದೇ ಉಳಿಯುತ್ತವೆ.

ಇನ್ನು ಕೆಲವು ವಿಷಯಗಳಲ್ಲಿ ತೊಡಕು ನಮ್ಮ ಅಜ್ಞಾನದಿಂದ ಹುಟ್ಟಿದುದಲ್ಲ, ಹಾಳೆಯ ಮಿತಿಯಿಂದ ಹುಟ್ಟಿದುದು. ಭೂಮಿಯನ್ನು ಒಂದು ಮಿಲಿಮೀಟರಿನ ಚುಕ್ಕೆಯಾಗಿ ಬರೆದರೆ ಸೂರ್ಯನು ಸುಮಾರು 11 ಸೆಂಟಿಮೀಟರಿನ ವೃತ್ತವಾಗುತ್ತಾನೆ. ಅಷ್ಟು ಹಾಳೆಯಲ್ಲಿ ಹಿಡಿಸುತ್ತದೆ. ಆದರೆ ಅದೇ ಅಳತೆಯಲ್ಲಿ ಇವೆರಡರ ನಡುವೆ ಬಿಡಬೇಕಾದ ಅಂತರ ಹನ್ನೊಂದೂಮುಕ್ಕಾಲು ಮೀಟರು. ನೆಪ್ಚೂನಿಗೆ 350 ಮೀಟರು. ಅಂಗೈಯಗಲದ ಮೊಬೈಲಿನ ಪರದೆಯ ಮೇಲೆ ಸೌರವ್ಯೂಹವನ್ನು ಬರೆಯುವವನು ಗಾತ್ರವನ್ನಾಗಲಿ ದೂರವನ್ನಾಗಲಿ ಬಿಟ್ಟುಕೊಡದೆ ಗತ್ಯಂತರವಿಲ್ಲ. ಯಾವುದನ್ನು ಬಿಟ್ಟುಕೊಟ್ಟಿದ್ದೇನೆಂಬುದನ್ನು ಚಿತ್ರದೊಳಗೇ ಹೇಳುವುದು ಅವನ ಧರ್ಮ; ಹೇಳದಿದ್ದರೆ, ಗ್ರಹಗಳು ಒಂದಕ್ಕೊಂದು ತಾಗುವಷ್ಟು ಹತ್ತಿರದಲ್ಲಿವೆಯೆಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತದೆ. ಸರಳಗೊಳಿಸುವುದೆಂದರೆ ಸುಳ್ಳಾಡುವುದೆಂದು ನಿಮ್ಮಲ್ಲಿ ಕೆಲವರು ಭಾವಿಸಿ, ಜನಪ್ರಿಯ ವಿಜ್ಞಾನದಿಂದಲೇ ದೂರ ನಿಂತಿರುವುದನ್ನು ನಾನು ಬಲ್ಲೆ. ಬಿಡುವುದು ಬೇರೆ, ತಪ್ಪಿಸಿ ಹೇಳುವುದು ಬೇರೆ. ಡಿಎನ್‌ಎಯ ಸುರುಳಿಯಲ್ಲಿರುವ ಪರಮಾಣುಗಳನ್ನೆಲ್ಲ ಬಿಟ್ಟು ಎರಡು ಪಟ್ಟಿಗಳನ್ನಷ್ಟೆ ಬರೆದರೆ ಅದು ಸರಳತೆ. ಬಲಕ್ಕೆ ತಿರುಗಬೇಕಾದ ಸುರುಳಿಯನ್ನು ಎಡಕ್ಕೆ ತಿರುಗಿಸಿದರೆ ಅದು ಅಸತ್ಯ. ಆದರೂ ಎಡಕ್ಕೆ ತಿರುಗಿದ ಸುರುಳಿಗಳು ಜಾಹೀರಾತುಗಳಲ್ಲಿಯೂ ಪುಸ್ತಕಗಳ ಹೊದಿಕೆಗಳ ಮೇಲೆಯೂ ಇಂದಿಗೂ ಕಾಣುತ್ತಲೇ ಇವೆ. ಏನನ್ನು ಬಿಡಬಹುದು, ಏನನ್ನು ಬಿಡಲಾಗದು ಎಂಬ ವಿವೇಕವನ್ನು ನಾವು ನಿಮ್ಮಿಂದಲೇ ಕಲಿಯಬೇಕು.

ಹಿಂದಿನ ಕಾಲದಲ್ಲಿ ಒಂದು ಲೇಖನ ಅಚ್ಚಾಗಬೇಕಾದರೆ ಲೇಖಕನ ಕೈಯಿಂದ ಸಂಪಾದಕನ ಮೇಜಿಗೆ, ಅಲ್ಲಿಂದ ಚಿತ್ರಕಾರನಿಗೆ, ಮೊಳೆ ಜೋಡಿಸುವವನಿಗೆ, ಕರಡು ತಿದ್ದುವವನಿಗೆ ಹೀಗೆ ಹಲವು ಕಣ್ಣುಗಳ ಕೆಳಗೆ ಹಾದು ಬರಬೇಕಾಗಿತ್ತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದ ದಿನಗಳಲ್ಲಿ ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರೂ ತಿದ್ದುವವರೂ ಕಲಿಸುವವರೂ ಒಂದೇ ವಲಯಕ್ಕೆ ಸೇರಿದವರಾಗಿದ್ದರು, ವೆಂಕಟನಾರಣಪ್ಪನವರಂತೂ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದವರು. ಇಂದು ಒಬ್ಬಂಟಿಯಾಗಿ ಚಿತ್ರವಿಜ್ಞಾನವನ್ನು ನಡೆಸುವವನು ಈ ಎಲ್ಲ ಪಾತ್ರಗಳನ್ನೂ ತಾನೊಬ್ಬನೇ ವಹಿಸಬೇಕು: ವಿಷಯವನ್ನು ಆರಿಸುವವನು, ಓದುವವನು, ಬರೆಯುವವನು, ಬಣ್ಣ ತುಂಬುವವನು, ಅಕ್ಷರ ಕೂಡಿಸುವವನು, ಖರ್ಚಿನ ಲೆಕ್ಕವಿಡುವವನು, ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವವನು, ಎಲ್ಲವೂ ಅವನೇ. ಇದರಲ್ಲಿ ಸ್ವಾತಂತ್ರ್ಯದ ಸುಖವುಂಟು; ಆದರೆ ತನ್ನ ತಪ್ಪು ತನಗೆ ಕಾಣದೆ ಹೋಗುವುದು ಮನುಷ್ಯಸ್ವಭಾವವಾದುದರಿಂದ, ಇನ್ನೊಂದು ಕಣ್ಣಿಲ್ಲದ ಕೊರತೆಯನ್ನು ಯಾವ ಶ್ರದ್ಧೆಯೂ ತುಂಬಲಾರದು.

ಕನ್ನಡದಲ್ಲಿ ಕೆಲಸ ಮಾಡುವವನಿಗೆ ಇನ್ನೂ ಕೆಲವು ಶ್ರಮಗಳು ಹೆಚ್ಚಾಗಿ ಬರುತ್ತವೆ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಒತ್ತಕ್ಷರಗಳು ಕೆಳಕ್ಕಿಳಿದು ಜಾಗ ಕೇಳುತ್ತವೆ. ಭಾಗಗಳಿಗೆ ಹೆಸರು ಕೊಡುವ ಚಿಕ್ಕ ಅಕ್ಷರಗಳಲ್ಲಿ ‘ಶಲಾಕಾಗ್ರ’ ಎಂದೋ ‘ಸೂಕ್ಷ್ಮದರ್ಶಕ’ ಎಂದೋ ಬರೆದರೆ ಮೊಬೈಲಿನ ಪರದೆಯಲ್ಲಿ ಒತ್ತುಗಳು ಒಂದರೊಳಗೊಂದು ಕಲೆಸಿ ಕಪ್ಪು ಮುದ್ದೆಯಾಗುತ್ತವೆ. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡವು ಒತ್ತು ಬೇರೆ, ಅಕ್ಷರ ಬೇರೆಯಾಗಿ ಒಡೆದು ಬೀಳುವುದರಿಂದ, ಹೆಸರುಗಳನ್ನೆಲ್ಲ ಕೈಯಿಂದಲೇ ಬರೆಯಬೇಕಾಗುತ್ತದೆ. ಹಾಗೆ ಬರೆದ ಅಕ್ಷರಗಳನ್ನು ಕಣ್ಣಿಲ್ಲದವರಿಗಾಗಿ ಪಠ್ಯವನ್ನು ಓದಿ ಹೇಳುವ ತಂತ್ರಾಂಶವು ಗುರುತಿಸಲಾರದು. ಆದುದರಿಂದ ಚಿತ್ರದಲ್ಲಿರುವುದನ್ನೆಲ್ಲ ಪುನಃ ಬರಹದಲ್ಲಿ ವಿವರಿಸಿ ಜೊತೆಗಿಡಬೇಕು. ಇವು ನಾವು ಸಂತೋಷದಿಂದ ಹೊರುವ ಹೊರೆಗಳು. ಇವುಗಳಿಗಾಗಿ ನಿಮ್ಮನ್ನು ಕಾಡುವುದಿಲ್ಲ. ನಿಮ್ಮ ನೆರವಿಲ್ಲದೆ ಆಗದಿರುವುದು ಸತ್ಯಪರೀಕ್ಷೆಯೊಂದೇ.

ಆ ಪರೀಕ್ಷೆ ಪ್ರಕಟಣೆಗೆ ಮೊದಲೇ ಆಗಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಪುಸ್ತಕದಲ್ಲಿ ತಪ್ಪಾದರೆ ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಇಲ್ಲವೇ ಒಂದು ಒಪ್ಪೋಲೆಯನ್ನು ಅಂಟಿಸಬಹುದು. ವಾಟ್ಸ್‌ಆ್ಯಪಿನಲ್ಲಿ ಹೊರಟ ಚಿತ್ರ ಹಾಗಲ್ಲ. ಅದು ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತ, ದಾರಿಯಲ್ಲಿ ಯಾರೋ ಅಂಚನ್ನು ಕತ್ತರಿಸಿ ಬರೆದವನ ಹೆಸರನ್ನು ಕಳೆದು, ಇನ್ನಾರೋ ತಮ್ಮ ಹಾರೈಕೆಯನ್ನು ಮೇಲೆ ಬರೆದು, ಕೊನೆಗೆ ಯಾವುದೋ ಊರಿನ ಶಾಲೆಯ ಗೋಡೆಯ ಮೇಲೆ ಅಂಟಿ ಕುಳಿತುಕೊಳ್ಳುತ್ತದೆ. ತಿದ್ದಿದ ಹೊಸ ಚಿತ್ರವನ್ನು ನಾವು ಎಷ್ಟೇ ಬೇಗನೆ ಪ್ರಕಟಿಸಿದರೂ ಅದು ಹಳೆಯದು ಹೋದ ದಾರಿಯಲ್ಲಿಯೇ ಹೋಗುವುದೆಂಬ ಭರವಸೆಯಿಲ್ಲ. ಚಿತ್ರದ ಅಂಚಿನಲ್ಲಿ ಬರೆಯದೆ ಚಿತ್ರದ ಒಳಗೇ, ಸುಲಭವಾಗಿ ಕತ್ತರಿಸಲಾಗದ ಜಾಗದಲ್ಲಿ, ತಾರೀಖನ್ನೂ ಆಧಾರವನ್ನೂ ಪರಿಶೀಲಿಸಿದವರ ಹೆಸರನ್ನೂ ಬರೆಯುವ ಪದ್ಧತಿಯನ್ನು ನಮ್ಮಂಥವರೆಲ್ಲರೂ ಇಟ್ಟುಕೊಳ್ಳಬೇಕೆಂಬುದು ನನ್ನ ನಿಶ್ಚಿತ ಅಭಿಪ್ರಾಯ. ಪರಿಶೀಲಿಸಿದವರ ಹೆಸರಿನ ಆ ಜಾಗವು ಇಂದು ಬಹುಮಟ್ಟಿಗೆ ಬರಿದಾಗಿದೆ.

ಹಾಗಾದರೆ ನಿಮ್ಮಿಂದ ಆಗಬೇಕಾದುದೇನು? ಮೊದಲನೆಯದಾಗಿ, ನಿಮ್ಮ ಶಾಖೆಗೆ ಸೇರಿದ ಒಂದು ಚಿತ್ರದ ಕರಡು ಬಂದಾಗ, ತಿಂಗಳಿಗೊಂದು ಗಂಟೆಯಾದರೂ ಸರಿಯೆ, ಅದಕ್ಕಾಗಿ ಬಿಡುವು ಮಾಡಿಕೊಳ್ಳಿರಿ. ಎರಡನೆಯದಾಗಿ, ನಿಮ್ಮ ಪ್ರಬಂಧಗಳಲ್ಲಿ ಹಲವು ಹಣ ತೆತ್ತಲ್ಲದೆ ತೆರೆಯದ ಬಾಗಿಲುಗಳ ಹಿಂದೆ ಇವೆ; ಯಾವ ಗ್ರಂಥಾಲಯದ ಆಸರೆಯೂ ಇಲ್ಲದ ನಮಗೆ ಅವುಗಳ ಪ್ರತಿಯನ್ನು ಕೇಳಿದಾಗ ಕಳುಹಿಸಿಕೊಡಿರಿ. ಮೂರನೆಯದಾಗಿ, ಪ್ರಬಂಧದಲ್ಲಿ ಬಾರದ ಛಾಯಾಚಿತ್ರಗಳು, ಅಳತೆಗಳು, ಕ್ಷೇತ್ರಕಾರ್ಯದ ಪುಸ್ತಕಗಳಲ್ಲಿ ನೀವು ಗೀಚಿಕೊಂಡ ಆಕೃತಿಗಳು ನಿಮ್ಮ ಬಳಿ ರಾಶಿಯಾಗಿ ಬಿದ್ದಿರುತ್ತವೆ. ನಿಮಗೆ ಅವು ಉಳಿಕೆ, ನಮಗೆ ಅವೇ ಮೂಲದ್ರವ್ಯ. ನಾಲ್ಕನೆಯದಾಗಿ, ಯಾವುದು ನಿಶ್ಚಯವಾಗಿ ತಿಳಿದುದು, ಯಾವುದು ಇನ್ನೂ ಊಹೆ ಎಂಬುದನ್ನು ನಮಗೆ ಬಿಡಿಸಿ ಹೇಳಿರಿ. ನಿಶ್ಚಯವಾದುದನ್ನು ಗಟ್ಟಿಯಾದ ಗೆರೆಯಿಂದಲೂ ಊಹೆಯನ್ನು ಚುಕ್ಕೆಗೆರೆಯಿಂದಲೂ ಬರೆಯುವ ಉಪಾಯ ನಮ್ಮ ಕೈಯಲ್ಲಿದೆ, ಆದರೆ ಎಲ್ಲಿ ಗೆರೆ ಮುಗಿದು ಚುಕ್ಕೆ ಮೊದಲಾಗಬೇಕೆಂಬುದು ನಿಮಗೆ ಮಾತ್ರ ಗೊತ್ತು. ಕೊನೆಯದಾಗಿ, ನಿಮ್ಮ ಹೆಸರನ್ನು ಚಿತ್ರದಲ್ಲಿ ಬರೆಯಲು ಅನುಮತಿ ಕೊಡಿರಿ. ಹೆಸರು ಕೊಟ್ಟವನು ಜಾಗರೂಕತೆಯಿಂದ ನೋಡುತ್ತಾನೆ. ಹೆಸರನ್ನು ಕಂಡ ಓದುಗನು ವಿಶ್ವಾಸದಿಂದ ನೋಡುತ್ತಾನೆ.

ಇದರಿಂದ ನಿಮಗೇನು ಪ್ರಯೋಜನವೆಂಬ ಪ್ರಶ್ನೆಯನ್ನೂ ಮರೆಮಾಚದೆ ಎತ್ತಿಕೊಳ್ಳುವುದು ನ್ಯಾಯ. ಬಡ್ತಿಯ ಲೆಕ್ಕಕ್ಕೆ ಇದು ಬರುವುದೆಂದು ನಾನು ಆಸೆ ತೋರಿಸಲಾರೆ. ಆದರೆ ನಿಮ್ಮ ಸಂಶೋಧನೆಗೆ ಒದಗುವ ಹಣದಲ್ಲಿ ಬಹುಪಾಲು ಈ ನಾಡಿನ ಜನ ತೆತ್ತುದು. ಅತ್ತಿಯ ಮರವನ್ನು ದಿನವೂ ಹಾದುಹೋಗುವ ರೈತನಿಗೆ ಆ ಕಾಯಿಯೊಳಗಿನ ವ್ಯಾಪಾರವನ್ನು ಬಲ್ಲವರು ಇದ್ದಾರೆಂಬುದು ತಿಳಿಯದೆ ಹೋದರೆ, ಆ ಋಣ ತೀರಿತೆಂದು ಹೇಳುವುದು ಕಷ್ಟ. ಇಂಗ್ಲಿಷಿನ ಪ್ರಬಂಧವು ಅವನನ್ನು ಮುಟ್ಟಲಾರದು. ಅವನ ಮಗಳ ಕೈಯಲ್ಲಿರುವ ಮೊಬೈಲಿಗೆ ಕನ್ನಡದ ಒಂದು ಚಿತ್ರ ಮುಟ್ಟಬಲ್ಲುದು; ಇಂದೂ ಮುಟ್ಟುತ್ತಿದೆ. ಅದು ಸತ್ಯವಾದ ಚಿತ್ರವಾಗಿರಬೇಕೆಂಬುದಷ್ಟೇ ನಮ್ಮ ಹಂಬಲ. ನಾವು ಈ ಚಿತ್ರಗಳನ್ನು ಮಾರುವುದಿಲ್ಲ. ಯಾರು ಬೇಕಾದರೂ ಹೆಸರನ್ನುಳಿಸಿಕೊಂಡು ಮುದ್ರಿಸಿಕೊಳ್ಳಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿಯಲ್ಲಿ ನಮ್ಮಲ್ಲಿ ಹಲವರು ಅವನ್ನು ಬಿಟ್ಟುಕೊಟ್ಟಿದ್ದೇವೆ. ನೀವು ಕೊಡುವ ಒಂದು ಗಂಟೆಯೂ ಅದೇ ರೀತಿಯಲ್ಲಿ ಎಲ್ಲರ ಸ್ವತ್ತಾಗುತ್ತದೆ.

ಆದುದರಿಂದ, ಮಾನ್ಯರೇ, ಸಭೆಯೂ ಬೇಡ, ಸಮಿತಿಯೂ ಬೇಡ, ಸರಕಾರದ ಆದೇಶವೂ ಬೇಡ. ಈ ತಿಂಗಳು ನಿಮ್ಮ ಶಾಖೆಗೆ ಸೇರಿದ ವಿಷಯವನ್ನು ಕುರಿತು ಕನ್ನಡದಲ್ಲಿ ಬಂದಿರುವ ಒಂದು ಚಿತ್ರವನ್ನು ಹುಡುಕಿ ತೆಗೆದು, ನಿಮ್ಮ ವಿದ್ಯಾರ್ಥಿಯ ಪ್ರಬಂಧವನ್ನು ನೋಡುವಷ್ಟೇ ಕಟ್ಟುನಿಟ್ಟಾಗಿ ಅದನ್ನು ನೋಡಿರಿ. ಸರಿಯಿದ್ದರೆ ಸರಿಯೆಂದೂ ತಪ್ಪಿದ್ದರೆ ಎಲ್ಲಿ ತಪ್ಪೆಂದೂ ಅದನ್ನು ಬರೆದವರಿಗೆ ನಾಲ್ಕು ಸಾಲು ಬರೆಯಿರಿ. ಮುಂದಿನ ಚಿತ್ರವನ್ನು ಮೊದಲು ನಿಮಗೆ ತೋರಿಸಬೇಕೆಂದು ಅವರನ್ನು ಕೇಳಿರಿ.

ಇತಿ ನಿಮ್ಮ ವಿಶ್ವಾಸಿ,
ವಿಜ್ಞಾನದ ಚಿತ್ರಗಳನ್ನು ಬರೆಯುವ ಒಬ್ಬ ಕನ್ನಡಿಗ